ಮರಳು ಕಾದರೆ ಮರಿಗೇನಾಗುತ್ತದೆ, ಅದನ್ನು ಓದುವವರು ದಿನಾ ಏನು ಮಾಡುತ್ತಾರೆ

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ವಾಸ್ಕೋ ಹತ್ತಿರ ಝುವಾರಿನಗರದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇವೆ. ನಾನು ರೊಟ್ಟಿ ಮಾಡಿ ಮಾರುತ್ತೇನೆ. ಮಗಳು ಬಿಎಸ್ಸಿ ಎರಡನೇ ವರ್ಷ, ಝೂವಾಲಜಿ. ಹವಾಮಾನ ಬದಲಾವಣೆಯಿಂದ ಪ್ರಾಣಿಗಳಿಗೆ ಏನಾಗುತ್ತಿದೆ ಅಂತ ಸಂಶೋಧನೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಆ ಕೆಲಸದಲ್ಲಿ ದಿನಾ ಏನು ಮಾಡುತ್ತಾರೆ? ಬಿಸಿಲು ಜಾಸ್ತಿಯಾಗಿದೆ ಅಂತ ನನಗೂ ಗೊತ್ತು, ಅದಕ್ಕೆ ಅಷ್ಟು ವರ್ಷ ಓದಬೇಕಾ? ಕಡಲಾಮೆಗಳೆಲ್ಲ ಈಗ ಹೆಣ್ಣೇ ಹುಟ್ಟುತ್ತಿವೆ ಅಂತಾಳೆ, ನಿಜವಾ? ರಾತ್ರಿಯೆಲ್ಲ ಬೀಚ್‌ನಲ್ಲಿ ಇರಬೇಕಂತೆ. ಸಂಬಳವಾದರೂ ಬರುತ್ತಾ?

ಉತ್ತರ: ಅಕ್ಕಾ, ನಮಸ್ಕಾರ. ನಾನು ಧಾರವಾಡದವಳು, ಗೋವಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ನಿಮ್ಮ ಮಗಳು ಮಾಡಬೇಕು ಅಂತಿರುವ ಕೆಲಸವನ್ನೇ ಮಾಡುತ್ತಿದ್ದೇನೆ. ನನ್ನ ಅವ್ವನೂ ಇವೇ ಪ್ರಶ್ನೆ ಕೇಳಿದ್ದಳು, ಆಗ ನನಗೆ ಸರಿಯಾಗಿ ಉತ್ತರ ಕೊಡಲು ಬರಲಿಲ್ಲ. ಹಾಗಾಗಿ ನಿಮಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಿಸಿಲು ಜಾಸ್ತಿಯಾಗಿದೆ ಅಂತ ಗೊತ್ತಿದ್ದ ಮೇಲೆ ಓದುವುದೇನು ಅಂತ ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನೀವು ರೊಟ್ಟಿ ಬಡಿಯುವಾಗ ಒಂದು ದಿನ ರೊಟ್ಟಿ ಒಡೆಯುತ್ತಾ ಹೋಗುತ್ತದೆ. ಹಿಟ್ಟು ಹಳೆಯದಾಗಿ ಜಿಗಿ ಹೋಗಿರಬಹುದು. ನೀರು ಸಾಕಷ್ಟು ಕಾದಿರಲಿಲ್ಲವೇನೋ. ಜೋಳವೇ ಬೇರೆ ತಳಿಯದ್ದು ಬಂದಿರಬಹುದು, ಇಲ್ಲಾ ಹೊಸದಾಗಿ ಬಂದ ಹುಡುಗಿ ಸರಿಯಾಗಿ ನಾದಿಲ್ಲ. ರೊಟ್ಟಿ ಒಡೆದದ್ದು ಎಲ್ಲರಿಗೂ ಕಾಣುತ್ತದೆ. ಯಾಕೆ ಒಡೆಯಿತು ಅಂತ ಹೇಳಲು ನೀವೇ ಬೇಕು, ಯಾಕೆಂದರೆ ಇಪ್ಪತ್ತು ವರ್ಷ ಅದೇ ಹಂಚಿನ ಮುಂದೆ ಕೂತವರು ನೀವು. ನಮ್ಮ ಕೆಲಸವೂ ಅದೇ. ಒಂದು ಪ್ರಾಣಿ ಕಡಿಮೆಯಾಗಿದೆ, ಇಲ್ಲಾ ಊರು ಬಿಟ್ಟು ಹೋಗಿದೆ, ಇಲ್ಲಾ ಕಾಲ ತಪ್ಪಿ ಮರಿ ಹಾಕಿದೆ. ಅದು ಬಿಸಿಲಿನ ಕೆಲಸವಾ? ಜೆಸಿಬಿಯ ಕೆಲಸವಾ? ಬಲೆಯ ಕೆಲಸವಾ? ನಾಯಿಯದಾ? ಇದನ್ನು ಒಂದೊಂದಾಗಿ ಬೇರ್ಪಡಿಸದೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ, ನಿಜವಾದ ಕಾರಣ ಪಕ್ಕದಲ್ಲೇ ನಿಂತು ತನ್ನ ಕೆಲಸ ಮುಂದುವರಿಸುತ್ತದೆ. ಅದಕ್ಕೇ ವರ್ಷಗಟ್ಟಲೆ ಓದಬೇಕಾಗುತ್ತದೆ.

ಈಗ ಕಡಲಾಮೆ.

ನಿಮ್ಮ ಮಗಳು ಹೇಳಿದ್ದರಲ್ಲಿ ನಿಜವಿದೆ, ಆದರೆ ಅದು ನಮ್ಮ ಗೋವಾದ ಸುದ್ದಿಯಲ್ಲ. ನಮ್ಮಲ್ಲಿ ಮಗು ಗಂಡೋ ಹೆಣ್ಣೋ ಎನ್ನುವುದು ಗರ್ಭ ಕಟ್ಟುವ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಕಡಲಾಮೆಯಲ್ಲಿ ಹಾಗಿಲ್ಲ. ತಾಯಿ ಆಮೆ ರಾತ್ರಿ ದಡಕ್ಕೆ ಬಂದು, ಹಿಂಗಾಲಿನಿಂದ ಮೊಣಕೈ ಉದ್ದದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೊರಟುಹೋಗುತ್ತಾಳೆ. ಮತ್ತೆ ತಿರುಗಿ ನೋಡುವುದಿಲ್ಲ. ಆಮೇಲೆ ಒಂದೂವರೆಯಿಂದ ಎರಡು ತಿಂಗಳು ಆ ಮೊಟ್ಟೆಗಳಿಗೆ ಕಾವು ಕೊಡುವುದು ಮರಳೇ. ಆ ಕಾಲವನ್ನು ಮೂರು ಪಾಲು ಮಾಡಿದರೆ ನಡುವಿನ ಪಾಲಿನಲ್ಲಿ ಮರಳು ಎಷ್ಟು ಬೆಚ್ಚಗಿತ್ತು ಎನ್ನುವುದರ ಮೇಲೆ ಮರಿ ಗಂಡೋ ಹೆಣ್ಣೋ ನಿರ್ಧಾರವಾಗುತ್ತದೆ. ಸುಮಾರು 29ರಿಂದ 30 ಡಿಗ್ರಿಯ ಹತ್ತಿರ ಅರ್ಧ ಗಂಡು, ಅರ್ಧ ಹೆಣ್ಣು. ಅದಕ್ಕಿಂತ ತಂಪಾದರೆ ಗಂಡು ಜಾಸ್ತಿ. ಬಿಸಿಯಾದರೆ ಹೆಣ್ಣು ಜಾಸ್ತಿ. ಒಂದೆರಡು ಡಿಗ್ರಿ ಮೇಲೆ ಹೋದರೆ ಹೆಚ್ಚುಕಡಿಮೆ ಪೂರ್ತಿ ಹೆಣ್ಣೇ. ಇನ್ನೂ ಏರಿ 35ರ ಹತ್ತಿರ ಬಹಳ ದಿನ ನಿಂತರೆ ಗಂಡೂ ಇಲ್ಲ ಹೆಣ್ಣೂ ಇಲ್ಲ, ಮೊಟ್ಟೆಯೊಳಗೇ ಮರಿ ಬೆಂದು ಸಾಯುತ್ತದೆ.

"ಎಲ್ಲ ಹೆಣ್ಣೇ" ಎನ್ನುವ ಸುದ್ದಿ ಬಂದದ್ದು ಆಸ್ಟ್ರೇಲಿಯಾದಿಂದ. ಅಲ್ಲಿನ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹಸಿರು ಕಡಲಾಮೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಉತ್ತರದ ಬಿಸಿ ದಡಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ ನೂರಕ್ಕೆ 99 ಹೆಣ್ಣು. ಅದೇ ದಡಗಳಲ್ಲಿ ಹುಟ್ಟಿ ದೊಡ್ಡವಾದ ಆಮೆಗಳಲ್ಲಿ ನೂರಕ್ಕೆ 87ರಷ್ಟು. ದಕ್ಷಿಣದ ತಂಪು ದಡಗಳಿಂದ ಬಂದವುಗಳಲ್ಲಿ ನೂರಕ್ಕೆ 65ರಿಂದ 69. ನನಗೆ ಈ ಅಧ್ಯಯನ ಯಾಕೆ ಅಷ್ಟು ಹಿಡಿಸಿತು ಅಂದರೆ, ಅವರು ಸುಮ್ನೆ ಒಂದು ದೊಡ್ಡ ಸಂಖ್ಯೆ ಹೇಳಿ ಹೆದರಿಸಲಿಲ್ಲ. ದೊಡ್ಡ ಆಮೆ ಅಂದರೆ ಹಳೆಯ ಕಾಲದ ಮರಳು, ಚಿಕ್ಕ ಆಮೆ ಅಂದರೆ ಈಚಿನ ಮರಳು. ಒಂದೇ ನೀರಿನಲ್ಲಿ ಈಜುವ ಅಜ್ಜಿ ಮೊಮ್ಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಹಾಗೆ ಕಾಲ ಬದಲಾದದ್ದನ್ನು ನೋಡಿದರು. ಜೊತೆಗೆ ಬಿಸಿ ದಡ, ತಂಪು ದಡ ಎರಡನ್ನೂ ಹೋಲಿಸಿದರು. ನಿಮ್ಮ ಮಗಳಿಗೆ ಇದನ್ನು ತೋರಿಸಿ ಹೇಳಿ, ಸಂಖ್ಯೆಗಿಂತ ಅವರು ಹೋಲಿಸಿದ ರೀತಿಯನ್ನು ನೋಡು ಅಂತ.

ಹೆಣ್ಣು ಜಾಸ್ತಿ ಆದರೆ ಮೊಟ್ಟೆ ಜಾಸ್ತಿ ಅಲ್ವಾ, ಒಳ್ಳೆಯದೇ ಅಲ್ವಾ ಅಂತ ನಿಮಗೆ ಅನಿಸಬಹುದು. ಸ್ವಲ್ಪ ಮಟ್ಟಿಗೆ ಹೌದು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ, ಹಾಗಾಗಿ ಹೆಣ್ಣು ಜಾಸ್ತಿ ಇದ್ದರೆ ತಕ್ಷಣ ತೊಂದರೆಯಿಲ್ಲ. ಕಷ್ಟ ಏನೆಂದರೆ ಕಡಲಾಮೆ ಬೆಳೆದು ಮೊಟ್ಟೆಯಿಡಲು ಕಡಿಮೆಯೆಂದರೂ ಹತ್ತು ಹದಿನೈದು ವರ್ಷ ಬೇಕು, ಹಸಿರು ಕಡಲಾಮೆಗೆ ಇನ್ನೂ ಜಾಸ್ತಿ. ಇವತ್ತು ಗಂಡು ಹುಟ್ಟದೆ ಹೋದರೆ ಅದು ಗೊತ್ತಾಗುವುದು ನಿಮ್ಮ ಮಗಳಿಗೆ ಮಕ್ಕಳಾಗಿ ಅವು ಶಾಲೆಗೆ ಹೋಗುವ ಹೊತ್ತಿಗೆ. ಆಗ ಗೊತ್ತಾಗಿ ಮಾಡುವುದೇನೂ ಇರುವುದಿಲ್ಲ.

ನಮ್ಮ ಗೋವಾದಲ್ಲಿ ಬರುವುದು ಆಲಿವ್ ರಿಡ್ಲೆ ಎಂಬ ಚಿಕ್ಕ ಜಾತಿಯ ಕಡಲಾಮೆ. ಉತ್ತರದಲ್ಲಿ ಮೋರ್ಜಿ, ಮಾಂದ್ರೆ, ದಕ್ಷಿಣದಲ್ಲಿ ಆಗೋಂದ, ಗಾಲ್ಜಿಬಾಗ. ಮೊದಲೆಲ್ಲ ಊರಿನವರು ಮೊಟ್ಟೆ ಅಗೆದು ಮಾರುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಮೋರ್ಜಿಯಲ್ಲಿ ಊರಿನವರೇ ಗೂಡು ಕಾಯಲು ಶುರು ಮಾಡಿದರು, ಅರಣ್ಯ ಇಲಾಖೆ ಜೊತೆಯಾಯಿತು. ಒಡಿಶಾದ ಗಹಿರಮಾಥಾ, ಋಷಿಕುಲ್ಯಾದಲ್ಲಿ ಲಕ್ಷಗಟ್ಟಲೆ ಆಮೆ ಒಟ್ಟಿಗೆ ಬರುವಂಥ ದೃಶ್ಯ ಇಲ್ಲಿಲ್ಲ. ಇಲ್ಲಿ ಒಂದೊಂದಾಗಿ ಬರುತ್ತವೆ. ಅದಕ್ಕೇ ಒಂದೊಂದು ಗೂಡೂ ನಮಗೆ ಲೆಕ್ಕಕ್ಕೆ ಬರುತ್ತದೆ.

ಒಂದು ಬೆಳಗ್ಗೆಯ ಕೆಲಸವನ್ನು ನಿಮಗೆ ಇದ್ದ ಹಾಗೇ ಹೇಳುತ್ತೇನೆ. ಕಳೆದ ಸಲ ಗಾಲ್ಜಿಬಾಗದಲ್ಲಿ ಒಂದು ಗೂಡು ತೆರೆಯುವುದಿತ್ತು. ಮರಿಗಳು ಎರಡು ರಾತ್ರಿ ಹಿಂದೆಯೇ ಹೊರಗೆ ಬಂದು ಸಮುದ್ರ ಸೇರಿದ್ದವು. ಹಾಗೆ ಎಲ್ಲ ಹೋದ ಮೇಲೆಯೇ ಗೂಡು ಅಗೆಯುವುದು, ಅದೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇದ್ದರೆ ಮಾತ್ರ. ಈ ಆಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅನುಮತಿಯಿಲ್ಲದೆ ಹಿಡಿಯುವುದೂ ಅಪರಾಧ. ಆರು ಗಂಟೆಗೆ ಮೊಣಕಾಲೂರಿ ಕೂತೆವು. ಕೈಯಿಂದಲೇ ಮರಳು ತೆಗೆಯಬೇಕು, ಸಲಿಕೆ ಹಾಕುವ ಹಾಗಿಲ್ಲ. ಮೇಲಿನ ಮರಳು ತಣ್ಣಗೆ, ಒಣ. ಒಂದು ಗೇಣು ಇಳಿದ ಮೇಲೆ ಒದ್ದೆ. ಮೊಣಕೈವರೆಗೆ ಕೈ ಹೋಗುವ ಹೊತ್ತಿಗೆ ಬೆಚ್ಚಗಾಗುತ್ತದೆ, ರಾತ್ರಿ ಹೆಪ್ಪು ಹಾಕಿದ ಹಾಲಿನ ಪಾತ್ರೆ ಮುಟ್ಟಿದ ಹಾಗೆ. ಆಮೇಲೆ ವಾಸನೆ. ಒಡೆಯದ ಮೊಟ್ಟೆ ಕೊಳೆತ ವಾಸನೆ ಮೂಗಿಗೆ ಹತ್ತಿದರೆ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಹೋಗುವುದಿಲ್ಲ.

ಚಿಪ್ಪುಗಳನ್ನು ಹತ್ತತ್ತು ಮಾಡಿ ಮರಳಿನ ಮೇಲೆ ಸಾಲಾಗಿ ಇಟ್ಟೆವು. ಖಾಲಿ ಚಿಪ್ಪು 83. ಒಡೆಯದ ಮೊಟ್ಟೆ 21. ಗೂಡಿನೊಳಗೇ ಸತ್ತ ಮರಿ 7. ಎಲ್ಲದರ ನಡುವೆ ನಾವು ಮೊದಲೇ ಇಟ್ಟಿದ್ದ ಉಷ್ಣತೆ ಅಳೆಯುವ ಒಂದು ಪುಟ್ಟ ಉಪಕರಣ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಗಂಟೆಗೊಮ್ಮೆ ಅದು ತನ್ನಷ್ಟಕ್ಕೆ ತಾನೇ ಬರೆದುಕೊಂಡಿರುತ್ತದೆ. ಅದನ್ನು ತೊಳೆದು ಕಂಪ್ಯೂಟರಿಗೆ ಹಚ್ಚಿದರೆ ಆ ಗೂಡಿನ ಎರಡು ತಿಂಗಳ ಬದುಕು ಪೂರ್ತಿ ಒಂದು ಗೆರೆಯಾಗಿ ಕಾಣುತ್ತದೆ. ಮೊದಲ ವಾರಗಳಲ್ಲಿ ಗೆರೆ ಸಮವಾಗಿ ಹೋಗುತ್ತದೆ, ಕೊನೆಯ ವಾರಗಳಲ್ಲಿ ಮೇಲೆ ಏರುತ್ತದೆ. ಕೊನೆಯಲ್ಲಿ ಏರುವುದು ಬಿಸಿಲಿನಿಂದಷ್ಟೇ ಅಲ್ಲ, ನೂರು ಮರಿಗಳ ಮೈಶಾಖವೂ ಸೇರುತ್ತದೆ. ಇದು ಗೊತ್ತಿಲ್ಲದೆ ಆ ಏರಿಕೆಯನ್ನೂ ಹವಾಮಾನದ ಲೆಕ್ಕಕ್ಕೆ ಹಾಕಿದವರು ಇದ್ದಾರೆ.

ಸತ್ತ ಆ ಏಳು ಮರಿಗಳನ್ನು ಸೀಸೆಗೆ ಹಾಕಿ ಹೆಸರು ಚೀಟಿ ಅಂಟಿಸಿದೆವು. ಮರಿಯನ್ನು ಹೊರಗಿನಿಂದ ನೋಡಿ ಗಂಡೋ ಹೆಣ್ಣೋ ಹೇಳಲು ಆಗುವುದೇ ಇಲ್ಲ. ಒಳಗಿನ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜೀವಂತ ಮರಿಯನ್ನು ಅದಕ್ಕಾಗಿ ಕೊಲ್ಲುವ ಪ್ರಶ್ನೆಯೇ ಇಲ್ಲ, ತಾವಾಗಿ ಸತ್ತವುಗಳಿಂದ ಗೊತ್ತಾದಷ್ಟೇ ಗೊತ್ತಾಗುತ್ತದೆ. ಆ ದಿನ ಗೂಡಿನ ತಳದಲ್ಲಿ ಒಂದು ಮರಿ ಬದುಕಿತ್ತು. ಬೇರಿಗೆ ಸಿಕ್ಕಿಕೊಂಡಿತ್ತು, ಒಂದು ಕಣ್ಣಿನ ಮೇಲೆ ಮರಳು ಮೆತ್ತಿತ್ತು. ಕಾವಲಿಗಿದ್ದ ಅಣ್ಣ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಅಲೆಯಿಂದ ಹತ್ತು ಹೆಜ್ಜೆ ಹಿಂದೆ ಮರಳಿನ ಮೇಲೆ ಬಿಟ್ಟರು. ನೇರ ನೀರಿಗೆ ಬಿಡುವುದಿಲ್ಲ, ಆ ಹತ್ತು ಹೆಜ್ಜೆಯನ್ನು ಅದು ತಾನೇ ನಡೆಯಬೇಕು. ಹೋಗಲು ನಾಲ್ಕು ನಿಮಿಷ ತೆಗೆದುಕೊಂಡಿತು. ನಾವು ಯಾರೂ ಮಾತಾಡಲಿಲ್ಲ.

ಈಗ ಆ 21 ಮೊಟ್ಟೆ ಯಾಕೆ ಒಡೆಯಲಿಲ್ಲ ಅಂತ ಕೇಳಿ. ಇಲ್ಲಿಯೇ ನಿಜವಾದ ಕೆಲಸ ಇರುವುದು. ಬಿಸಿ ಜಾಸ್ತಿಯಾಗಿತ್ತಾ? ಗೆರೆ ನೋಡಿದರೆ ಅಷ್ಟೇನೂ ಇರಲಿಲ್ಲ. ಆ ಗೂಡು ಗಾಳಿಮರದ ನೆರಳಿನಲ್ಲಿತ್ತು, ಅಲ್ಲಿ ಮರಳು ತಂಪು. ಆದರೆ ಅದೇ ಗಾಳಿಮರದ ಬೇರು ಗೂಡಿನೊಳಗೆ ನುಗ್ಗಿ ಮೊಟ್ಟೆಗಳನ್ನು ಸುತ್ತಿಕೊಂಡಿತ್ತು. ನೆರಳು ಕೊಟ್ಟ ಮರವೇ ಬೇರು ಹಾಕಿತು. ಈ ಗೂಡಿನ ಲೆಕ್ಕವನ್ನು ಹವಾಮಾನ ಎನ್ನುವ ಖಾನೆಯಲ್ಲಿ ಬರೆದರೆ ಸುಳ್ಳಾಗುತ್ತದೆ. ಹಾಗೆಯೇ ಇನ್ನೊಂದು ಬೀಚ್‌ನಲ್ಲಿ ಅಂಗಡಿಗಳ ದೀಪ ನೋಡಿ ಮರಿಗಳು ಸಮುದ್ರಕ್ಕೆ ಹೋಗುವ ಬದಲು ರಸ್ತೆಯ ಕಡೆ ನಡೆದು ಸತ್ತವು. ಮರಿಗೆ ಬೆಳಕಿರುವ ಕಡೆಯೇ ಸಮುದ್ರ ಅನ್ನುವ ನಂಬಿಕೆ ಹುಟ್ಟಿನಿಂದ ಇರುತ್ತದೆ. ಅದೂ ಹವಾಮಾನವಲ್ಲ. ನಾಯಿ ಅಗೆದ ಗೂಡು ಹವಾಮಾನವಲ್ಲ. ಟ್ರಾಲರ್ ಬಲೆಯಲ್ಲಿ ಉಸಿರುಗಟ್ಟಿ ಸತ್ತು ದಡಕ್ಕೆ ಬಂದ ತಾಯಿ ಆಮೆ ಹವಾಮಾನವಲ್ಲ.

ಹಾಗಾದರೆ ಹವಾಮಾನದ ಕೈ ಎಲ್ಲಿದೆ? ಇದೆ. ಮಾರ್ಚ್ ಏಪ್ರಿಲ್‌ನಲ್ಲಿ ಬಯಲಿನಲ್ಲಿ ಇರುವ ಗೂಡುಗಳ ಗೆರೆ ನೋಡಿದರೆ ನನಗೆ ಎದೆ ಭಾರವಾಗುತ್ತದೆ. ಡಿಸೆಂಬರ್, ಜನವರಿಯ ಗೂಡುಗಳಲ್ಲಿ ಮರಳು ತಂಪು, ಗಂಡು ಹುಟ್ಟಲು ಅವಕಾಶ ಅಲ್ಲೇ. ಈ ತಂಪಿನ ಕಿಟಕಿ ಕಿರಿದಾಗುತ್ತಿದೆಯಾ ಎನ್ನುವುದೇ ನಾವು ಕಾಯ್ದು ನೋಡುತ್ತಿರುವ ಪ್ರಶ್ನೆ. ಪುಣೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ ಇದೆ, ಐಐಟಿಎಂ ಅಂತ. ಅಲ್ಲಿನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು ಹಿಂದೂ ಮಹಾಸಾಗರದ ಲೆಕ್ಕ ತೆಗೆದಿದ್ದಾರೆ. 1950ರಿಂದ 2020ರವರೆಗೆ ಈ ಸಾಗರ ಶತಮಾನಕ್ಕೆ 1.2 ಡಿಗ್ರಿಯ ವೇಗದಲ್ಲಿ ಕಾದಿದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ 2001ರಿಂದ 2019ರ ನಡುವೆ ಅದಕ್ಕೂ ಹಿಂದಿನ ಎರಡು ದಶಕಕ್ಕಿಂತ ನೂರಕ್ಕೆ 52ರಷ್ಟು ಜಾಸ್ತಿಯಾಗಿದೆ ಎನ್ನುವುದೂ ಅದೇ ಸಂಸ್ಥೆಯವರ ಲೆಕ್ಕ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಇಲ್ಲಿನ ಬೀಚ್‌ಗಳ ಮೇಲೆ ನೀರು ಹತ್ತಿದ್ದು ನಿಮಗೂ ನೆನಪಿರಬಹುದು. 2021ರ ಮೇ 16ಕ್ಕೆ ತೌಕ್ತೆ ಗೋವಾದ ಪಕ್ಕದಲ್ಲೇ ಹಾದುಹೋಯಿತು, ಮನೆಗಳ ಮೇಲೆ ಮರ ಬಿದ್ದವು, ಕರೆಂಟ್ ಹೋಗಿತ್ತು. ಅಂಥ ಅಲೆ ಒಂದು ರಾತ್ರಿ ಬಂದರೆ ದಡದ ಮರಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ಗೂಡಿದ್ದರೆ ಗೂಡೂ ಹೋಯಿತು.

ಆಮೆಗಳು ಹಿಂದೆಯೂ ಬಿಸಿ ಕಾಲ, ಚಳಿ ಕಾಲ ಕಂಡಿವೆ, ಕೋಟ್ಯಂತರ ವರ್ಷದಿಂದ ಇರುವ ಪ್ರಾಣಿ. ಸಮುದ್ರ ಮೇಲೇರಿದರೆ ಸ್ವಲ್ಪ ಹಿಂದಕ್ಕೆ ಸರಿದು ಮೊಟ್ಟೆ ಇಡುತ್ತಿದ್ದವು. ಈಗ ಹಿಂದಕ್ಕೆ ಸರಿದರೆ ಕಾಂಕ್ರೀಟ್ ಗೋಡೆ, ಕುರ್ಚಿ, ರೆಸಾರ್ಟ್. ಒಂದು ಕಡೆಯಿಂದ ನೀರು ತಳ್ಳುತ್ತದೆ, ಇನ್ನೊಂದು ಕಡೆಯಿಂದ ನಾವು ತಳ್ಳುತ್ತೇವೆ. ಹವಾಮಾನದ ಕೈ ಒಂಟಿಯಾಗಿ ಕೆಲಸ ಮಾಡುವುದು ಬಹಳ ಕಡಿಮೆ ಅಕ್ಕಾ, ಇನ್ನೊಬ್ಬರು ಮೊದಲೇ ಅರ್ಧ ಮುರಿದಿಟ್ಟದ್ದನ್ನು ಅದು ಪೂರ್ತಿ ಮುರಿಯುತ್ತದೆ. ಹಾಗಾಗಿಯೇ ಬೇರ್ಪಡಿಸಿ ನೋಡುವುದು ಉಪಯೋಗಕ್ಕೆ ಬರುತ್ತದೆ. ಸಮುದ್ರದ ಬಿಸಿ ಇಳಿಸಲು ನಾನೂ ನೀವೂ ಸೇರಿ ನಾಳೆ ಬೆಳಗ್ಗೆ ಏನೂ ಮಾಡಲಾಗದು. ದೀಪ ಆರಿಸಬಹುದು. ನಾಯಿ ತಡೆಯಲು ಜಾಲರಿ ಹಾಕಬಹುದು. ತೀರಾ ಕಾಯುವ ಗೂಡಿನ ಮೇಲೆ ನೆರಳು ಬಲೆ ಕಟ್ಟಬಹುದು. ಅದರಲ್ಲೂ ಎಚ್ಚರ ಬೇಕು. ಎಲ್ಲ ಗೂಡಿಗೂ ನೆರಳು ಹಾಕಿ ಎಲ್ಲವನ್ನೂ ಗಂಡು ಮಾಡಿಬಿಟ್ಟರೆ ಅದೂ ಅನಾಹುತವೇ. ಮೊದಲು ಅಳೆಯಬೇಕು, ಆಮೇಲೆ ಕೈ ಹಾಕಬೇಕು.

ಅಳೆಯುವುದರಲ್ಲಿ ಎಷ್ಟು ಸುಲಭವಾಗಿ ತಪ್ಪಾಗುತ್ತದೆ ಅಂತ ನನ್ನದೇ ಒಂದು ಹೇಳುತ್ತೇನೆ. ಮೊದಲ ವರ್ಷ ನಾನು ಉಷ್ಣತೆ ಅಳೆಯುವ ಆ ಪುಟ್ಟ ಉಪಕರಣಗಳನ್ನು ಒಂದು ಗೇಣು ಆಳದಲ್ಲಿ ಹುಗಿದಿದ್ದೆ. ಮೊಟ್ಟೆ ಇರುವುದು ಅದರ ಎರಡರಷ್ಟು ಆಳದಲ್ಲಿ. ಮೇಲಿನ ಮರಳು ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಕೆಳಗೆ ಹಾಗೆ ಏರಿಳಿಯುವುದೇ ಇಲ್ಲ. ಐದು ತಿಂಗಳ ಲೆಕ್ಕ, ಸಾವಿರಾರು ಸಂಖ್ಯೆ, ಎಲ್ಲವನ್ನೂ ಬಿಟ್ಟುಬಿಡಬೇಕಾಯಿತು. ಆ ವರ್ಷ ಇನ್ನು ವಾಪಸ್ ಬರುವುದಿಲ್ಲ, ಆ ಸಲದ ಬಿಸಿಲು ಎಷ್ಟಿತ್ತು ಅಂತ ಇನ್ನೊಮ್ಮೆ ಅಳೆಯಲು ಆಗುವುದಿಲ್ಲ. ಈಗ ನನ್ನ ಜೊತೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ಕೊಡುವುದು ಒಂದು ಗುರುತು ಹಾಕಿದ ಕೋಲು.

ಆಮೆ ಬಿಟ್ಟು ಕಪ್ಪೆಗೆ ಬನ್ನಿ, ಮಳೆಗಾಲದಲ್ಲಿ ನಾನು ಅಲ್ಲೇ ಇರುತ್ತೇನೆ. ಗೋವಾದಲ್ಲಿ ಸಡೊ ಅನ್ನುತ್ತಾರೆ, ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲು. ಬೇಸಿಗೆಯಲ್ಲಿ ಸುಡುವ ಬಂಡೆ, ಜೂನ್‌ನಲ್ಲಿ ಮಳೆ ಬಿದ್ದರೆ ಸಣ್ಣ ಸಣ್ಣ ಹೊಂಡ ತುಂಬುತ್ತವೆ. ಮೊದಲ ಮಳೆಗೆ ಕಪ್ಪೆಗಳು ಬಂದು ಕೂಗಿ ಮೊಟ್ಟೆ ಇಡುತ್ತವೆ. ಮಳೆ ಮುಂದುವರಿದರೆ ಗೊದಮೊಟ್ಟೆ ಬೆಳೆದು ಕಪ್ಪೆಯಾಗುತ್ತದೆ. ನಡುವೆ ಹತ್ತು ಹನ್ನೆರಡು ದಿನ ಮಳೆ ಕೈಕೊಟ್ಟರೆ ಹೊಂಡ ಬತ್ತುತ್ತದೆ. ಒಂದು ಸಲ ಅಂಗೈಯಗಲದ ಹೊಂಡದಲ್ಲಿ ನೀರು ಒಂದು ಚಮಚೆಯಷ್ಟು ಉಳಿದಿತ್ತು, ಅದರಲ್ಲಿ ಗೊದಮೊಟ್ಟೆಗಳು ಒಂದರ ಮೇಲೊಂದು ಬಿದ್ದುಕೊಂಡು ಬಾಲ ಆಡಿಸುತ್ತಿದ್ದವು. ಮರುದಿನ ಹೋದಾಗ ಕಲ್ಲಿಗೆ ಅಂಟಿದ ಕಪ್ಪು ಕಲೆ ಮಾತ್ರ. ಕಪ್ಪೆಗೆ ಬೇಕಾದದ್ದು ವರ್ಷಕ್ಕೆ ಒಟ್ಟು ಎಷ್ಟು ಇಂಚು ಎನ್ನುವುದಕ್ಕಿಂತ ಎಷ್ಟು ದಿನ ಬಿಡದೆ ಎನ್ನುವುದು. 2023ರಲ್ಲಿ ಪ್ರಪಂಚದ ಕಪ್ಪೆ ಜಾತಿಯ ಪ್ರಾಣಿಗಳ ಲೆಕ್ಕ ಬಂತು. ನೂರಕ್ಕೆ 41 ಜಾತಿಗಳು ಅಳಿವಿನ ಅಂಚಿನಲ್ಲಿವೆ. 2004ರ ನಂತರ ಪರಿಸ್ಥಿತಿ ಕೆಟ್ಟ ಜಾತಿಗಳಲ್ಲಿ ನೂರಕ್ಕೆ 39ಕ್ಕೆ ಹವಾಮಾನ ಬದಲಾವಣೆಯೇ ಮುಖ್ಯ ಕಾರಣ.

ಆದರೆ ಇಲ್ಲೂ ಅದೇ ಎಚ್ಚರ. ಗೋವಾದಲ್ಲಿ ದೊಡ್ಡ ಹಳದಿ ಕಪ್ಪೆ ಕಡಿಮೆಯಾಗಿದ್ದರೆ ಅದು ಮಳೆಯಿಂದಲೇ ಅನ್ನುವ ಹಾಗಿಲ್ಲ. ಮೊದಲ ಮಳೆಯ ರಾತ್ರಿ ಟಾರ್ಚ್ ಹಿಡಿದು ಚೀಲ ತುಂಬುವವರು ಇದ್ದಾರೆ, ಜಂಪಿಂಗ್ ಚಿಕನ್ ಅಂತ ಹೆಸರಿಟ್ಟು ತಟ್ಟೆಗೆ ಹಾಕುತ್ತಾರೆ. ಕಾನೂನು ಅದನ್ನು ತಡೆದಿದೆ, ಕಪ್ಪೆ ಕಾಲಿನ ರಫ್ತನ್ನೂ ದೇಶ 1987ರಲ್ಲೇ ನಿಲ್ಲಿಸಿದೆ. ಆದರೂ ಮೊಟ್ಟೆ ಇಡಲು ಬಂದ ರಾತ್ರಿಯೇ ಹಿಡಿಯುತ್ತಾರೆ. ನನಗೆ ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಇದಕ್ಕೆ ಯಾವ ಉಪಗ್ರಹವೂ ಬೇಡ, ಊಟಕ್ಕೆ ಕೂತವರು ಬೇಡ ಅಂದರೆ ಸಾಕು.

ಮೀನಿನ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು, ವಾಸ್ಕೋ ಮಾರ್ಕೆಟ್ಟಿಗೆ ದಿನಾ ಹೋಗುವವರು. ತಾರ್ಲೆ, ಅಂದರೆ ಬೂತಾಯಿ, ಮೊದಲು ಹೆಚ್ಚಾಗಿ ಕೇರಳ, ಕರ್ನಾಟಕ ಕರಾವಳಿಯ ಮೀನು. ನೀರು ಬೆಚ್ಚಗಾದ ಹಾಗೆ ಉತ್ತರದ ಕಡೆಗೂ ಹಬ್ಬಿತು ಅಂತ ಕೊಚ್ಚಿಯ ಸಮುದ್ರ ಮೀನುಗಾರಿಕೆ ಸಂಸ್ಥೆಯವರು ಹಿಡಿದ ಮೀನಿನ ಹಳೆಯ ಲೆಕ್ಕಗಳಿಂದ ತೋರಿಸಿದ್ದಾರೆ. ಆ ಲೆಕ್ಕ ಇಟ್ಟವರು ಹವಾಮಾನಕ್ಕಾಗಿ ಇಟ್ಟಿರಲಿಲ್ಲ, ಯಾವ ಬಂದರಿಗೆ ಎಷ್ಟು ಮೀನು ಬಂತು ಅಂತ ಅಷ್ಟೇ. ದಶಕಗಳ ನಂತರ ಬೇರೆಯವರಿಗೆ ಅದು ಉಪಯೋಗಕ್ಕೆ ಬಂತು.

ಈಗ ನಿಮ್ಮ ಉಳಿದ ಎರಡು ಪ್ರಶ್ನೆ.

ರಾತ್ರಿ ಬೀಚ್‌ನಲ್ಲಿ ಇರಬೇಕಾ? ಇರಬೇಕು, ಆದರೆ ವರ್ಷವಿಡೀ ಅಲ್ಲ, ಒಂಟಿಯಾಗಂತೂ ಖಂಡಿತ ಅಲ್ಲ. ಮೂರ್ನಾಲ್ಕು ಜನ ಇರುತ್ತೇವೆ, ಊರಿನ ಕಾವಲಿನವರು ಇರುತ್ತಾರೆ, ಅರಣ್ಯ ಸಿಬ್ಬಂದಿ ಇರುತ್ತಾರೆ. ನಿಮ್ಮ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಿ ಹೇಳುವುದಿಲ್ಲ. ಯಾವ ತಂಡ ಸೇರುತ್ತಾಳೋ ಆ ತಂಡದಲ್ಲಿ ಬೇರೆ ಹೆಂಗಸರು ಇದ್ದಾರಾ, ರಾತ್ರಿ ಉಳಿಯುವುದು ಎಲ್ಲಿ, ವಾಪಸ್ ಬರಲು ಗಾಡಿ ಇದೆಯಾ, ದೂರು ಕೊಡಬೇಕಾದರೆ ಯಾರಿಗೆ ಅಂತ ನೀವೇ ಫೋನ್ ಮಾಡಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ತಂಡಕ್ಕೆ ಕಳಿಸಬೇಡಿ. ನಾನು ಹೊಸದರಲ್ಲಿ ಒಂದು ಕಡೆ ಸೇರಿದ್ದೆ. ರಾತ್ರಿ ಎರಡು ಗಂಟೆಗೆ ಕೆಲಸ ಮುಗಿಸಿ, ಗಾಡಿಯಿಲ್ಲದೆ ಬೆಳಗಾಗುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ಎರಡನೇ ತಿಂಗಳಿಗೆ ಬಿಟ್ಟೆ. ಬಿಟ್ಟದ್ದು ಸರಿಯಾಗಿತ್ತು. ಇನ್ನು ವರ್ಷದ ಅರ್ಧಕ್ಕಿಂತ ಜಾಸ್ತಿ ದಿನ ನಾವು ಕೂರುವುದು ಕಂಪ್ಯೂಟರ್ ಮುಂದೆ. ಲೆಕ್ಕಶಾಸ್ತ್ರ ಬರಲೇಬೇಕು. ಸಂಖ್ಯಾಶಾಸ್ತ್ರ ಅಂದರೆ ಓಡುವ ಹುಡುಗರು ಈ ಕೆಲಸದಲ್ಲಿ ನಿಲ್ಲುವುದಿಲ್ಲ. ಪ್ರಾಣಿ ಮೇಲೆ ಪ್ರೀತಿ ಇದ್ದರೆ ಸಾಕು ಅಂದುಕೊಂಡು ಬಂದು ನಡುವೆ ಬಿಟ್ಟುಹೋದವರನ್ನು ಬಹಳ ನೋಡಿದ್ದೇನೆ.

ಸಂಬಳ. ಬಿಎಸ್ಸಿ ಮುಗಿದ ತಕ್ಷಣ ದೊಡ್ಡ ಸಂಬಳ ಇಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಎಮ್ಮೆಸ್ಸಿ ಬೇಕು. ಗೋವಾ ವಿಶ್ವವಿದ್ಯಾಲಯದಲ್ಲೇ ಝೂವಾಲಜಿ, ಸಮುದ್ರ ವಿಜ್ಞಾನ ಇದೆ, ಮನೆಯಿಂದ ಹೋಗಿಬರಬಹುದು. ವನ್ಯಜೀವಿಯನ್ನೇ ಓದಬೇಕು ಅಂದರೆ ಡೆಹ್ರಾಡೂನ್‌ನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್, ಬೆಂಗಳೂರಿನ ಎನ್‌ಸಿಬಿಎಸ್ (ಜೀವವಿಜ್ಞಾನ ಸಂಶೋಧನಾ ಕೇಂದ್ರ) ಎರಡೂ ಹೆಸರಾದವು, ಸೀಟು ಬಹಳ ಕಡಿಮೆ, ಪ್ರವೇಶ ಪರೀಕ್ಷೆ ಕಷ್ಟ. ಆಮೇಲೆ ಸಿಎಸ್ಐಆರ್ ನೆಟ್ ಎನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವಿದ್ಯಾರ್ಥಿವೇತನಕ್ಕೆ ಪಾಸಾದರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37 ಸಾವಿರ, ಎರಡು ವರ್ಷದ ನಂತರ 42 ಸಾವಿರ. 2023ರಿಂದ ಇದು ಜಾರಿಯಲ್ಲಿದೆ. ಮನೆ ಬಾಡಿಗೆ ಭತ್ಯೆ ಬೇರೆ. ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ, ನಿಮ್ಮ ಮನೆಯಿಂದ ಝುವಾರಿ ಸೇತುವೆ ದಾಟಿದರೆ ಬಂದೇಬಿಟ್ಟಿತು. ಅಲ್ಲೂ ಸಂಶೋಧನೆಗೆ ಅವಕಾಶ ಇರುತ್ತದೆ. ಆದರೆ ನಡುವಿನ ಎರಡು ಮೂರು ವರ್ಷ ಪ್ರಾಜೆಕ್ಟ್ ಕೆಲಸಗಳೇ ಗತಿ, ಹಣ ಬಂದರೆ ಇದೆ, ಮುಗಿದರೆ ಇಲ್ಲ. ಕೆಲವು ಕಡೆ ಸಂಬಳ ಮೂರು ತಿಂಗಳು ತಡವಾಗಿ ಬರುತ್ತದೆ. ಆ ವರ್ಷಗಳಲ್ಲಿ ಮನೆಯವರು ಜೊತೆಗೆ ನಿಲ್ಲಬೇಕಾಗುತ್ತದೆ. ನನ್ನ ಅವ್ವ ನಿಂತಳು. ಎಷ್ಟು ಕಷ್ಟಪಟ್ಟು ನಿಂತಳು ಅಂತ ನನಗೆ ಆಮೇಲೆ ಗೊತ್ತಾಯಿತು.

ನಿಮ್ಮ ಮಗಳ ಹತ್ತಿರ ಇರುವ ಒಂದು ದೊಡ್ಡ ಅನುಕೂಲ ಅವಳಿಗೆ ಗೊತ್ತಿರಲಿಕ್ಕಿಲ್ಲ. ಅವಳಿಗೆ ಕನ್ನಡ ಬರುತ್ತದೆ, ಕೊಂಕಣಿ ಬರುತ್ತದೆ, ಹಿಂದಿ ಬರುತ್ತದೆ. ಮೀನುಗಾರರ ಜೊತೆ, ಕಾವಲಿನವರ ಜೊತೆ, ಬೀಚ್ ಅಂಗಡಿಗಳಲ್ಲಿ ದುಡಿಯುವ ನಮ್ಮ ಗದಗ, ಕೊಪ್ಪಳದ ಹುಡುಗರ ಜೊತೆ ಕೂತು ಮಾತಾಡಬಲ್ಲಳು. ಯಾವ ರಾತ್ರಿ ಎಲ್ಲಿ ಆಮೆ ಹತ್ತಿತು ಎನ್ನುವ ಸುದ್ದಿ ಮೊದಲು ಗೊತ್ತಾಗುವುದು ಅವರಿಗೇ. ಒಮ್ಮೆ ನನಗೆ ಒಂದು ಗೂಡಿನ ಸುದ್ದಿ ಕೊಟ್ಟದ್ದು ಪಾತ್ರೆ ತೊಳೆಯುವ ಹಾವೇರಿಯ ಹುಡುಗ. ಇಂಗ್ಲಿಷ್ ಮಾತ್ರ ಬರುವ ದೊಡ್ಡ ದೊಡ್ಡ ವಿದ್ವಾಂಸರಿಗೆ ಆ ಸುದ್ದಿ ಸಿಗುವುದೇ ಇಲ್ಲ.

ಈಗಲೇ ಏನು ಮಾಡಬೇಕು ಅಂದರೆ, ಒಂದು ನೋಟ್‌ಬುಕ್ ಕೊಡಿಸಿ. ಮನೆಯ ಹತ್ತಿರ ಒಂದು ಮಾವಿನ ಮರ, ಒಂದು ಹೊಂಡ, ಎರಡನ್ನು ಆರಿಸಿಕೊಳ್ಳಲಿ. ಮಾವು ಯಾವ ದಿನ ಹೂ ಬಿಟ್ಟಿತು, ಹೊಂಡದಲ್ಲಿ ಯಾವ ರಾತ್ರಿ ಮೊದಲ ಕಪ್ಪೆ ಕೂಗಿತು, ಚಾತಕ ಪಕ್ಷಿ ಯಾವ ದಿನ ಮೊದಲು ಕಂಡಿತು, ಅವತ್ತು ಮಳೆ ಬಂದಿತ್ತಾ ಇಲ್ಲವಾ. ಏನೂ ಕಾಣದ ದಿನವೂ "ಕಾಣಲಿಲ್ಲ" ಅಂತ ಬರೆಯಬೇಕು, ಅದನ್ನೇ ಹೊಸಬರು ಬಿಟ್ಟುಬಿಡುವುದು. ಹಕ್ಕಿಯಾದರೆ ಇಬರ್ಡ್ ಎನ್ನುವ ಆ್ಯಪ್‌ಗೆ ಹಾಕಲಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ವರದಿ 942 ಜಾತಿಗಳ ಸ್ಥಿತಿ ಹೇಳಿದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಬರೆದಿಟ್ಟ ಲೆಕ್ಕದಿಂದಲೇ. ಅದರಲ್ಲಿ ಶಿಕ್ಷಕರು, ಬ್ಯಾಂಕಿನವರು, ಕಾಲೇಜು ಹುಡುಗರು ಎಲ್ಲ ಇದ್ದಾರೆ. ಮೂರು ವರ್ಷ ಬಿಡದೆ ಬರೆದ ನೋಟ್‌ಬುಕ್ ಹಿಡಿದು ಸಂದರ್ಶನಕ್ಕೆ ಬಂದ ಹುಡುಗಿಯನ್ನು ನಾನಂತೂ ಎರಡನೇ ಪ್ರಶ್ನೆ ಕೇಳದೆ ತೆಗೆದುಕೊಳ್ಳುತ್ತೇನೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ಗಾಲ್ಜಿಬಾಗಕ್ಕೆ ಅವಳನ್ನು ಕರೆದುಕೊಂಡು ನೀವೂ ಬನ್ನಿ. ಮಡಗಾಂವ್‌ನಿಂದ ಕಾಣಕೋಣದ ಬಸ್ಸು, ಅಲ್ಲಿಂದ ಸ್ವಲ್ಪ ದೂರ. ಗೂಡುಗಳಿಗೆ ಬೇಲಿ ಹಾಕಿ, ಮೊಟ್ಟೆ ಇಟ್ಟ ತಾರೀಕನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಬೇಲಿಯ ಹೊರಗೆ ನಿಂತು ನೋಡಬಹುದು, ಕಾವಲಿನವರನ್ನು ಮಾತಾಡಿಸಬಹುದು. ಬಿಸಿಲು ಏರಿದ ಮೇಲೆ ಗಾಳಿಮರದ ನೆರಳಿನಲ್ಲಿ ಒಮ್ಮೆ, ಬಯಲಿನಲ್ಲಿ ಒಮ್ಮೆ ಬರಿಗಾಲಿನಲ್ಲಿ ನಿಲ್ಲಲು ಹೇಳಿ ಅವಳಿಗೆ. ಎರಡೂ ಕಡೆ ಎಷ್ಟು ಡಿಗ್ರಿ ವ್ಯತ್ಯಾಸ ಇರಬಹುದು ಅಂತ ಮೊದಲು ಊಹಿಸಿ ಬರೆಯಲಿ. ಅಳೆಯುವ ಕಡ್ಡಿ ನಾನು ತರುತ್ತೇನೆ.